ಏಳನೆಯ ಸಾಲಿನ ಮೂವತ್ತೆಂಟು

ಮೂವತ್ತೆಂಟು, ಮೂವತ್ತೊಂಬತ್ತು, ಮತ್ತೆ ಮೂವತ್ತೆಂಟು — ಐದು ಸೆಕೆಂಡಿಗೊಮ್ಮೆ ಕಪ್ಪು ಪರದೆ ಅದುರಿ ಹೊಸ ಅಂಕಿ ಇಡುತ್ತದೆ, ಏಳನೆಯ ಸಾಲು ಮಾತ್ರ ಇಳಿಯುವುದಿಲ್ಲ, ಸುಶೀಲ ರೆಪ್ಪೆ ಬಡಿಯದೆ ನೋಡುತ್ತಾಳೆ, ನೋಡುವುದೇ ತಾನೆ ಅವಳ ಕೆಲಸ, ತಿರುವನಂತಪುರದ ಯಾವುದೋ ತಣ್ಣನೆಯ ಕೋಣೆಯಲ್ಲಿ ಒಂದು ದೊಡ್ಡ ಸರ್ವರು, ಅದರ ಹೊಟ್ಟೆಯಲ್ಲಿ ಒಂಬತ್ತು ವರ್ಚುವಲ್ ಮಶೀನು, ಕಬ್ಬಿಣವೂ ಇಲ್ಲದ ತಂತಿಯೂ ಇಲ್ಲದ ಕಂಪ್ಯೂಟರುಗಳು, ಒಂಬತ್ತಕ್ಕೂ ಸೇರಿ ನಾಲ್ಕೇ ಪ್ರೊಸೆಸರು, ಇಲ್ಲಿ ಕೊಚ್ಚಿಯಲ್ಲಿ ಕೂತು ಒಂದು ಕಮಾಂಡು ಒತ್ತಿದರೆ ಯಾರು ಎಷ್ಟು ಓಡಿದರು, ಯಾರು ಎಷ್ಟು ಕಾದರು ಎಲ್ಲ ಸಾಲಾಗಿ ಬಂದು ನಿಲ್ಲುತ್ತದೆ. ಏಳನೆಯದು ಓಡಿದ್ದು ಹನ್ನೆರಡು, ಕಾದದ್ದು ಮೂವತ್ತೆಂಟು. ನೂರರಲ್ಲಿ ಮೂವತ್ತೆಂಟು ಪಾಲು ಹೊತ್ತು ಕೆಲಸ ಕೈಯಲ್ಲಿ ಹಿಡಿದುಕೊಂಡು ನಿಂತಿದೆ, ಯಾಕೆಂದರೆ ಅದಕ್ಕೆ ಎರಡು ಪ್ರೊಸೆಸರು ಅಂತ ಬರೆದಿಟ್ಟಿದ್ದಾರೆ, ಎರಡೂ ಒಟ್ಟಿಗೆ ಬಿಡುವಾದರೆ ಮಾತ್ರ ಅದು ಏಳುವುದು, ಒಂದು ಖಾಲಿ ಬಿದ್ದಿದ್ದರೂ ಇನ್ನೊಂದರ ದಾರಿ ನೋಡಬೇಕು, ಒಂದಕ್ಕೆ ಇಳಿಸಿ ಅಂತ ಪ್ರಜ್ವಲನಿಗೆ ಮೂರು ಸಲ ಬರೆದಳು, ಮೈಸೂರಿನ ಹುಡುಗ, ಅಲ್ಲಿ ಹೆಡ್ಡಾಫೀಸಿನಲ್ಲಿ ಅವಳಿಗೆ ಮೇಲಿನವನು, ಅಕ್ಕ ಅನ್ನುವುದನ್ನು ಮಾತ್ರ ಮಲಯಾಳದಲ್ಲಿ ಕಲಿತವನು, ಮೂರು ಸಲವೂ ಒಂದೇ ಉತ್ತರ, ಅಯ್ಯೋ ಚೇಚಿ, ಸ್ಲೋ ಇರೋದಕ್ಕೆ ಯಾರಾದ್ರೂ ಇನ್ನೂ ಕಡಿಮೆ ಮಾಡ್ತಾರಾ, ನೀವು ನೋಡ್ತಾ ಇರಿ ಸಾಕು.

ನೋಡ್ತಾ ಇರಿ. ಬೆಳಿಗ್ಗೆ ಎಂಟಕ್ಕೆ ಅವಳು ನೋಡುತ್ತಾ ಇದ್ದದ್ದು ಮೇಜಿನ ಮೇಲೆ ಕವುಚಿಟ್ಟ ನಾಲ್ಕು ತಟ್ಟೆ, ನಾಲ್ವರೂ ಬಂದು ಕೂತ ಮೇಲೆಯೇ ತಟ್ಟೆ ಮಗುಚುವುದು, ಅದು ಅತ್ತೆ ರಾಜಲಕ್ಷ್ಮಿ ಕಾಸರಗೋಡಿನಿಂದ ಕೊಚ್ಚಿಯ ವೈಟ್ಟಿಲದ ಫ್ಲ್ಯಾಟಿನವರೆಗೂ ಹೊತ್ತು ತಂದ ಕ್ರಮ. ನೀರುದೋಸೆ ಆರುತ್ತಿತ್ತು, ಮಗಳು ಅಶ್ವಿತಾ ಕನ್ನಡಿ ಬಿಟ್ಟು ಕದಲದೆ ದಾ ವರುನ್ನು ಅಮ್ಮಾ, ಇಗೋ ಬಂದೆ ಅಂತ ಮಲಯಾಳದಲ್ಲೇ ಕೂಗಿದಳು, ಗಂಡ ಹರಿನಾರಾಯಣ ಬಾಲ್ಕನಿಯಲ್ಲಿ, ಹೈಕೋರ್ಟಿನಿಂದ ಫೋನು, ಒಂದೇ ನಿಮಿಷ ಅಂತ ಬೆರಳು ಎತ್ತಿದ, ಆ ಬೆರಳು ಇಳಿಯಲೇ ಇಲ್ಲ. ಅತ್ತೇ, ನನಗೆ ಒಂಬತ್ತಕ್ಕೆ ಮೀಟಿಂಗುಂಟು, ಎರಡು ದೋಸೆ ತಿಂದು ಹೊರಡ್ತೇನೆ. ಇದೆಂತ ಹೋಟ್ಲಾ ಮಾರಾಯ್ತಿ, ಅವರಿಬ್ರೂ ಬರ್ಲಿ. ಹಾಗಾದ್ರೆ ಹೀಗೆಯೇ ಹೋಗ್ತೇನೆ. ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟ್ತಾರಾ, ಕೂತ್ಕೋ. ಕೂತಳು, ಹೆಗಲಲ್ಲಿ ಬ್ಯಾಗು, ಕಣ್ಣೆದುರು ತನ್ನ ತಟ್ಟೆಯ ಬೆನ್ನು, ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಸುಶೀಲ, ಮದುವೆಯಲ್ಲಿ ಅಮ್ಮ ಪಾತ್ರೆ ಅಂಗಡಿಯವನ ಎದುರು ನಿಂತು ಬರೆಸಿದ ಹೆಸರು, ಹತ್ತೊಂಬತ್ತು ವರ್ಷ, ತಟ್ಟೆ ಕವುಚಿದ್ದರೆ ಮಾತ್ರ ಕಾಣುವ ಹೆಸರು. ಮುಕ್ಕಾಲು ಗಂಟೆ ಕಳೆದು ಎದ್ದೇಬಿಟ್ಟಳು, ತಿಂದದ್ದೂ ಇಲ್ಲ, ವೈಟ್ಟಿಲ ಜಂಕ್ಷನ್ನಿನಲ್ಲಿ ಬಸ್ಸು ಕದಲಿದ್ದೂ ಇಲ್ಲ, ಆಫೀಸು ಮುಟ್ಟಿದಾಗ ಒಂಬತ್ತೂ ಇಪ್ಪತ್ತೈದು, ಮೀಟಿಂಗು ಮುಗಿದಿತ್ತು, ತೀರ್ಮಾನ ಇ-ಮೇಲಿನಲ್ಲಿ ಬಂದು ಬಿದ್ದಿತ್ತು, ಏಳನೆಯ ಮಶೀನಿಗೆ ಹನ್ನೊಂದು ಗಂಟೆಗೆ ಎರಡರ ಬದಲು ನಾಲ್ಕು ಪ್ರೊಸೆಸರು, ಯಾರ ಆಕ್ಷೇಪವೂ ಇಲ್ಲ. ಆಕ್ಷೇಪ ಇದ್ದವಳು ತಟ್ಟೆ ಕಾಯುತ್ತಿದ್ದಳಲ್ಲ.

ನಾಲ್ಕು, ಅಂದರೆ ಇರುವ ನಾಲ್ಕೂ ಒಟ್ಟಿಗೆ ಬಿಡುವಾಗಬೇಕು, ದೇವರೇ, ಉಳಿದ ಎಂಟು ಮಶೀನೂ ಸುಮ್ಮನಾಗಬೇಕು — ಫೋನು, ಜುಬೈದಾ, ಮಟ್ಟಾಂಚೇರಿಯ ರಕ್ತಪರೀಕ್ಷೆ ಕೇಂದ್ರದ ಕೌಂಟರಿನವಳು, ಏಳನೆಯ ಮಶೀನಿನ ಮೇಲೆ ನಡೆಯುವುದು ಅವಳ ಕೌಂಟರೇ, ಊರು ಮಂಜೇಶ್ವರವಾದ್ದರಿಂದ ಬೈಯುವುದೂ ಕನ್ನಡದಲ್ಲೇ. ಅಕ್ಕಾ, ಹೆಸರು ಒತ್ತಿದ್ರೆ ಚೀಟಿ ಬರ್ಲಿಕ್ಕೆ ಆರು ನಿಮಿಷ, ಚೀಟಿ ಅಂಟಿಸದೆ ರಕ್ತ ತೆಗೀಲಿಕ್ಕಿಲ್ಲ, ಎಲ್ಲ ನಿನ್ನೆ ರಾತ್ರಿಯಿಂದ ಉಪವಾಸ ಬಂದವರು, ಒಬ್ಬಳು ಬಸುರಿ ತಲೆ ತಿರುಗಿ ಬೆಂಚಲ್ಲಿ ಮಲಗಿದ್ದಾಳೆ, ಉಳಿದವರು ನನ್ನನ್ನೇ ತಿಂದು ಬಿಡ್ತಾರೆ ಈಗ. ಹನ್ನೊಂದರವರೆಗೆ ತಾಳು ಜುಬೈದಾ. ಹನ್ನೊಂದಕ್ಕೆ ಸರಿಯಾಗ್ತದಾ? ಮೊದಲು ಆ ಬಸುರಿಯ ಚೀಟಿ ತೆಗಿ ಅಂತ ಹೇಳಿ ಸುಶೀಲ ಫೋನು ಇಟ್ಟಳು.

ಹನ್ನೊಂದು. ಏಳನೆಯ ಸಾಲು ಮಾಯ, ಎರಡು ನಿಮಿಷ ಬಿಟ್ಟು ಮತ್ತೆ ಬಂತು, ಕಾದದ್ದು ನಲವತ್ತು, ಐವತ್ತೆರಡು, ಅರುವತ್ತೊಂದು, ಅಲ್ಲಿಯೇ ನಿಂತಿತು, ತಾನು ಅಂದದ್ದೇ ಆದರೂ ಅವಳಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ, ಬೆಂಚಿನ ಮೇಲಿನ ಬಸುರಿ ನೆನಪಾದಳು. ಫೋನಿನಲ್ಲಿ ಪ್ರಜ್ವಲ, ಚೇಚಿ, ಆಯ್ತಲ್ಲ, ಒಂದು ಓಕೆ ಮೇಲ್ ಹಾಕ್ಬಿಡಿ, ಕ್ಲೋಸ್ ಮಾಡ್ತೀನಿ. ಅರುವತ್ತೊಂದಾಗಿದೆ, ನೀವೇ ನೋಡಿ. ಸೆಟ್ಲ್ ಆಗ್ಲಿ ಬಿಡಿ, ಓಕೆ ಹಾಕಿ. ಹಾಕುವುದಿಲ್ಲ. ಏನಂದ್ರಿ? ಹಾಕುವುದಿಲ್ಲ ಪ್ರಜ್ವಲ್, ಅದಕ್ಕೆ ಒಂದೇ ಸಾಕು, ಈಗಲೇ ಒಂದಕ್ಕೆ ಇಳಿಸಿ, ಅಲ್ಲಿ ಜನ ಬರಿಹೊಟ್ಟೆಯಲ್ಲಿ ಕೂತಿದ್ದಾರೆ. ತಂತಿಯಾಚೆ ಕೀಬೋರ್ಡಿನ ಟಪಟಪ, ಆಮೇಲೆ ನಗು, ಬೆಳಿಗ್ಗೆ ಮೀಟಿಂಗಲ್ಲೇ ಹೇಳ್ಬಾರ್ದಿತ್ತಾ ಚೇಚಿ, ಈಗ ನಾನೊಬ್ಬನೇ ಹೆಂಗೆ ಬದಲಾಯಿಸ್ಲಿ, ನಾನು, ನೀವು, ನಮ್ಮ ಮ್ಯಾನೇಜರ್ ರಾಮದಾಸ್ ಸಾರ್, ಆ ಲ್ಯಾಬಿನವರು, ನಾಲ್ಕೂ ಜನ ಒಟ್ಟಿಗೆ ಫ್ರೀ ಆದಾಗ ಕೂತು ಮಾತಾಡೋಣ, ಒಬ್ರು ಇಲ್ದಿದ್ರೂ ಸರಿಹೋಗಲ್ಲ, ಅಲ್ಲೀವರೆಗೂ ಸ್ವಲ್ಪ ನೋಡ್ತಾ ಇರಿ. ಫೋನು ಕೆಳಗಿಟ್ಟಳು, ಅದು ಮತ್ತೆ ಹೊಡೆದುಕೊಳ್ಳುತ್ತದೆ, ಜುಬೈದಾಳೇ ಇರಬೇಕು, ಕೈ ಏಳುವುದಿಲ್ಲ, ಅರುವತ್ತೊಂದು, ಅರುವತ್ತೆರಡು, ನಾಲ್ವರೂ ಒಟ್ಟಿಗೆ, ಪರದೆ ಅದುರುತ್ತದೆ, ಅರುವತ್ತೆರಡು, ಮನೆಯಲ್ಲಿ ಇಷ್ಟು ಹೊತ್ತಿಗೆ ಮೂರು ತಟ್ಟೆ ತೊಳೆದಾಗಿರುತ್ತದೆ, ಇನ್ನೊಂದು ಮೇಜಿನ ಮೇಲೆ ಹಾಗೆಯೇ, ಕವುಚಿಟ್ಟ ತಟ್ಟೆ, ಅದರ ಬೆನ್ನಿನ ಮೇಲೆ ಚುಕ್ಕೆ ಚುಕ್ಕೆಯಾಗಿ, ಸುಶೀಲ —