ಗಡಿಬಿಡಿ ಕೂತ ಭಾನುವಾರ

ಒದ್ದೆ ನಾಯಿಯ ಮೈವಾಸನೆಗೆ ಮರದ ಹೊಟ್ಟಿನ ವಾಸನೆ ಬೆರೆತರೆ ನನಗೆ ಇಂದಿಗೂ ಅಪ್ಪನ ಬಡಗಿ ಅಂಗಡಿ ನೆನಪಾಗುತ್ತದೆ. ಅಲ್ಲಿದ್ದ ನಾಯಿಗೆ ಯಾರೂ ಏನೂ ಕಲಿಸಿರಲಿಲ್ಲ. ಅದು ಅಡ್ಡ ಮಲಗಿದರೆ ನಾವೇ ದಾಟಿಕೊಂಡು ಹೋಗುತ್ತಿದ್ದೆವು. ಹಾಗಾಗಿ ಈ ವಯಸ್ಸಿನಲ್ಲಿ ಅಕ್ಕನೂ ನಾನೂ ನಾಯಿಗೆ ಪಾಠ ಹೇಳಲು ಹೊರಟಾಗ ಇಬ್ಬರಿಗೂ ಅದರ ಗಂಧಗಾಳಿ ಇರಲಿಲ್ಲ.

ನಾಯಿಯನ್ನು ತಂದವಳು ಅಕ್ಕ. ಮಂಡಿನೋವು ಶುರುವಾದಂದಿನಿಂದ ಹೊಸ್ತಿಲು ದಾಟದಿದ್ದವಳು, ಅದು ಬಂದ ಮೇಲೆ ದಿನವೂ ಬೀದಿಯ ಕೊನೆಯವರೆಗೆ ಹೋಗಿ ಬರತೊಡಗಿದ್ದಳು. ಬರುವಾಗ ಮುಖದಲ್ಲಿ ಬಣ್ಣವಿರುತ್ತಿತ್ತು. ಗಡಿಬಿಡಿ ಎಂಬುದು ನಾವಿಟ್ಟ ಹೆಸರಲ್ಲ, ಅದು ದುಡಿದು ಗಳಿಸಿಕೊಂಡ ಹೆಸರು. ಕರೆಗಂಟೆ ಕೇಳಿದರೆ ಸಾಕು, ಚಪ್ಪಲಿಗಳನ್ನು ಚೆಲ್ಲಾಪಿಲ್ಲಿ ಮಾಡಿ ಬಾಗಿಲಿಗೆ ಹಾರಿ, ಸೂರು ಕಿತ್ತುಹೋಗುವಂತೆ ಬೊಗಳುತ್ತಿತ್ತು. ಕೆಳಗಿನ ಮನೆಯ ನರ್ಸಿಗೆ ರಾತ್ರಿ ಪಾಳಿ, ನಿದ್ದೆಯೆಲ್ಲ ಹಗಲಲ್ಲೇ. ಪಾಪ, ಬಹಳ ದಿನ ತಡೆದುಕೊಂಡು ಕೊನೆಗೆ ಮನೆ ಮಾಲೀಕರಿಗೆ ಹೇಳಿದಳು.

ಮಾಲೀಕರು ಮೆಟ್ಟಿಲು ಹತ್ತಿ ಬಂದರು. "ನೋಡಿ ಅಮ್ಮಾ, ಭಾನುವಾರ ಬಂದು ಗಂಟೆ ಒತ್ತುತೀನಿ. ಬಾಯಿ ಮುಚ್ಕೊಂಡು ಕೂತರೆ ಇಲ್ಲೇ ಇರಲಿ. ಇಲ್ಲಾಂದ್ರೆ ಬೇರೆ ಮನೆ ಹುಡುಕಬೇಕಾಗುತ್ತೆ."

"ಯಾರು? ನಾನಾ, ನಾಯೀನಾ?" ಎಂದಳು ಅಕ್ಕ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು, ಯಾರಿಗೂ ಜಗ್ಗುವವಳಲ್ಲ. ಅವರು ಹೋದ ಮೇಲೆ ಮಾತ್ರ ಗಡಿಬಿಡಿಯ ಕಿವಿ ಸವರುತ್ತಾ ಕೂತುಬಿಟ್ಟಳು.

ಮರುದಿನ ನಾವು ಹೋಗಿ ಕಂಡ ನಾಯಿ ಡಾಕ್ಟರು ನಮ್ಮ ಮೊಮ್ಮಕ್ಕಳ ಓರಗೆಯ ಹುಡುಗಿ. "ಒಂದೇ ಸಲ ಹೇಳಿ ಅಜ್ಜಿ. ಹತ್ತು ಸಲ ಹೇಳಿದ್ರೆ ಹತ್ತನೇದಕ್ಕೆ ಕೇಳಿದ್ರೆ ಸಾಕು ಅಂದ್ಕೊಳುತ್ತೆ. ಅಂಡು ನೆಲಕ್ಕೆ ತಾಗಿದ ಕ್ಷಣವೇ ತಿಂಡಿ ಬಾಯಿಗೆ ಬೀಳಬೇಕು. ಬೊಗಳುವಾಗ ಮಾತ್ರ ಏನೂ ಕೊಡಬೇಡಿ, ಬೈಯಲೂ ಬೇಡಿ," ಎಂದಳು. ನಾವು ಹಣ ಕೊಡಲು ಹೋದರೆ ಬೇಡವೆಂದು, ಗಡಿಬಿಡಿಗೇ ಒಂದು ಹಳೆಯ ಚೆಂಡು ಕೊಟ್ಟು ಕಳಿಸಿದಳು.

ಪಾಠ ಶುರುವಾಯಿತು. ನಾನು ಹೊರಗೆ ಹೋಗಿ ಗಂಟೆ ಒತ್ತುವುದು. ಅಕ್ಕ "ಕೂರು" ಎನ್ನುತ್ತಾ ಬಾಗಿಲ ಪಕ್ಕದ ಬೆತ್ತದ ಕುರ್ಚಿಗೆ ಇಳಿಯುವುದು. ನಿಂತು ಬಗ್ಗಿದರೆ ಅವಳ ಸೊಂಟ ಹಿಡಿಯುತ್ತಿತ್ತು. ನಾಯಿ ಕೂತ ಕ್ಷಣ ಬೇಯಿಸಿದ ಮೊಟ್ಟೆಯ ಚೂರು ನೇರ ಅದರ ಬಾಯಿಗೆ. ಶನಿವಾರದ ಹೊತ್ತಿಗೆ ಗಡಿಬಿಡಿ ಗಂಟೆ ಕೇಳಿ ಓಡಿ ಬಂದು ತೆಪ್ಪಗೆ ಕೂರುತ್ತಿತ್ತು. ಅಕ್ಕ ಗರ್ವದಿಂದ ಬೀಗಿದಳು. ಮರುದಿನ ಮಾಲೀಕರಿಗೆ ಆಸನ ಬೇಕಾಗಬಹುದೆಂದು ಆ ಬೆತ್ತದ ಕುರ್ಚಿಯನ್ನು ಒರೆಸಿ ನಡುಮನೆಯಲ್ಲಿಟ್ಟಳು.

ಭಾನುವಾರ ಗಂಟೆ ಹೊಡೆಯಿತು. ಅಕ್ಕ ಬಾಗಿಲು ತೆರೆದಳು. ಮಾಲೀಕರು, ಹಿಂದೆ ಕೆಂಪು ಕಣ್ಣಿನ ನರ್ಸ್.

"ಕೂರು," ಎಂದಳು ಅಕ್ಕ.

ಗಡಿಬಿಡಿ ನಿಂತೇ ಇತ್ತು. ಗಂಟಲಲ್ಲಿ ಗುರ್ ಎಂದು ಏನೋ ಕುದಿಯತೊಡಗಿತು. ಅಕ್ಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ತೋಳು ಚಿವುಟಿದೆ. ಆಗ ಕಂಡಿತು: ನಾಯಿ ಅವಳ ಮುಖವನ್ನು ನೋಡುತ್ತಲೇ ಇಲ್ಲ, ಸೊಂಟವನ್ನು ನೋಡುತ್ತಾ ಕಾಯುತ್ತಿದೆ. ಅದು ಕಲಿತದ್ದು ಮಾತನ್ನಲ್ಲ, ಅಕ್ಕ ಇಳಿಯುವುದನ್ನು.

"ಅಕ್ಕಾ, ಕೆಳಗಿಳಿ."

"ಎಲ್ಲಿಗೆ?"

"ನೆಲಕ್ಕೆ."

ಅಕ್ಕ ಬಾಗಿಲ ಚೌಕಟ್ಟು ಹಿಡಿದು, ಇಡೀ ವಂಶವನ್ನು ನೆನೆಯುತ್ತಾ ಹೊಸ್ತಿಲ ಮೇಲೆ ಕುಸಿದಳು. ಗಡಿಬಿಡಿಯೂ ಥಪ್ಪೆಂದು ಕೂತಿತು. ಗುರ್ ಎನ್ನುವುದು ನಿಂತಿತು.

ಮಾಲೀಕರು ಕಣ್ಣು ಕಿರಿದು ಮಾಡಿದರು. "ಇದೇನು, ಯಾರು ಯಾರಿಗೆ ಕಲಿಸಿದ್ದು?"

"ನೀವೇ ಕೂತು ನೋಡಿ ಬೇಕಾದ್ರೆ," ಎಂದೆ. ಚೆಂಡು ಉರುಳಿಸಿ ನಾಯಿಯನ್ನು ಎಬ್ಬಿಸಿದೆ. ಅವರು ಅನುಮಾನದಿಂದಲೇ ಮೆಟ್ಟಿಲ ಮೇಲೆ ಕೂತರು. ಗಡಿಬಿಡಿ ಕೂತಿತು. ಅವರು ಎದ್ದರು, ಕೂತರು, ಅದೂ ಎದ್ದು ಕೂತಿತು. ಮಾಲೀಕರ ಹೊಟ್ಟೆ ಕುಲುಕತೊಡಗಿತು. "ನಮ್ಮ ಮನೇಲಿ ಯಾರೂ ನನ್ನ ಮಾತು ಇಷ್ಟು ಕೇಳಲ್ಲ ಅಮ್ಮಾ."

ನರ್ಸ್ ನಗಲಿಲ್ಲ. ಮುಂದೆ ಬಂದು ಗಂಟೆಯನ್ನು ಉದ್ದಕ್ಕೆ ಒತ್ತಿದಳು. ಅವಳ ನಿದ್ದೆ ನಿಂತಿದ್ದದ್ದೇ ಅದರ ಮೇಲೆ. ಗಡಿಬಿಡಿ ಎದ್ದು ಬಾಯಿ ತೆರೆಯಿತು. ನಾನು ಥಟ್ಟನೆ ಅಕ್ಕನ ಪಕ್ಕದಲ್ಲಿ ಕೂತೆ. ಅದು ನನ್ನನ್ನು ನೋಡಿತು, ಬಾಯಿ ಮುಚ್ಚಿತು, ಕೂತು ಮೊಟ್ಟೆಗಾಗಿ ಬಾಲ ಬೀಸಿತು.

"ಗಂಟೆ ಆದಾಗೆಲ್ಲ ನೀವು ಹೀಗೆ ಕೂರ್ತೀರಾ?" ಎಂದಳು ನರ್ಸ್.

"ಕೂರ್ತೀನಮ್ಮಾ. ಕುರ್ಚಿ ಬಾಗಿಲ ಹತ್ತಿರವೇ ಇಟ್ಕೋತೀನಿ," ಎಂದಳು ಅಕ್ಕ. ಅವಳ ದನಿ ಅಷ್ಟು ಮೆತ್ತಗಿದ್ದುದನ್ನು ನಾನು ಕೇಳಿಯೇ ಇರಲಿಲ್ಲ.

ನರ್ಸ್ ಮಾಲೀಕರತ್ತ ತಲೆಯಾಡಿಸಿದಳು. "ಇರಲಿ ಬಿಡಿ ಸಾರ್."

"ಹಾಗಾದ್ರೆ ಇರಲಿ. ಏಳಿ ಇನ್ನು," ಎಂದರು ಮಾಲೀಕರು.

ಏಳುವುದು ಹೇಗೆ? ಅಕ್ಕ ನನ್ನನ್ನು ಹಿಡಿದಳು, ನಾನು ಅವಳನ್ನು ಹಿಡಿದೆ, ಇಬ್ಬರೂ ಇದ್ದಲ್ಲೇ ಇದ್ದೆವು. ಮಾಲೀಕರು ಕೈ ಕೊಡಲು ಬಗ್ಗಿ ನಗು ತಡೆಯಲಾರದೆ ಮೆಟ್ಟಿಲ ಮೇಲೇ ಕುಳಿತರು. ನಮ್ಮ ಕಣ್ಣಲ್ಲಿ ನೀರು. ಗಡಿಬಿಡಿ ನಮ್ಮೆಲ್ಲರ ಮುಖ ನೆಕ್ಕುತ್ತಾ ಸುತ್ತಿತು. ಕೊನೆಗೆ ನರ್ಸ್ ಕಂಕುಳಿಗೆ ಕೈ ಕೊಟ್ಟು, ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿದಳು.

ಎಲ್ಲರೂ ಇಳಿದುಹೋದ ಮೇಲೆ ನೋಡಿದರೆ ಒಲೆಯ ಮೇಲೆ ಮೊಟ್ಟೆ ಬೇಯಿಸಿದ ಪಾತ್ರೆ ಬಿಟ್ಟು ಬೇರೇನೂ ಇಲ್ಲ. ನಮಗೂ ಹೊಟ್ಟೆಯಿದೆ ಎಂಬುದು ಬೆಳಗಿನಿಂದ ಮರೆತೇಹೋಗಿತ್ತು. ಅಷ್ಟರಲ್ಲಿ ಗಂಟೆ ಒತ್ತದೆ, ಬಾಗಿಲನ್ನು ಯಾರೋ ಉಗುರಿನಿಂದ ಮೆಲ್ಲಗೆ ಕೆರೆದ ಸದ್ದು. ತೆರೆದರೆ ನರ್ಸ್. ಮುಚ್ಚಳದಡಿ ಇನ್ನೂ ಬಿಸಿಯಿದ್ದ ಊಟದ ಡಬ್ಬಿಯನ್ನು ನನ್ನ ಎರಡೂ ಕೈಗಿಟ್ಟು, ಮಲಗಲು ಇಳಿದುಹೋದಳು.