ಗಟ್ಟಿಮೇಳ ನಿಂತ ಮುಹೂರ್ತ

ನಾನು ಒಂದು ನಾಗಸ್ವರ. ಅದಕ್ಕೂ ಮೊದಲು ಯಾರೋ ಕೆಡವಿದ ಮನೆಯ ತೊಲೆಯಾಗಿದ್ದೆ. ಹಸಿ ಮರ ಸೀಳುತ್ತದೆಂದು ನನ್ನನ್ನು ಆರಿಸಿ ಕೊರೆದರು. ಮನೆಯವರ ಪಿಸುಮಾತು ಕೇಳುತ್ತಲೇ ಒಣಗಿದ ಮರ ನಾನು. ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ.

ನನ್ನನ್ನು ಮೊದಲು ಊದಿದವನು ಮುಳಬಾಗಿಲ ಕಡೆಯ ಮುನಿಶಾಮಪ್ಪ. ಹಲ್ಲು ಬಿದ್ದ ಮೇಲೆ ಅಳಿಯ ಪಿಳ್ಳಪ್ಪನ ಕೈಗಿಟ್ಟು ಹೇಳಿದ: "ಗಟ್ಟಿಮೇಳ ಅಂದ್ರೆ ಜೋರಾಗಿ ಊದ್ಬೇಕು ಅಳಿಯಾ. ತಾಳಿ ಕಟ್ಟೋವಾಗ ಸೀನು, ಕೆಟ್ಟ ಮಾತು, ಏನೂ ಯಾರ ಕಿವಿಗೂ ಬೀಳಬಾರ್ದು. ಅದಕ್ಕೇ ನಮ್ಮನ್ನ ಕರೆಯೋದು."

ಹಾಗಾದರೆ ನಾವು ಇನ್ನೇನನ್ನೆಲ್ಲ ಮುಚ್ಚುತ್ತಿದ್ದೇವೆ? ನನಗೆ ಅಂದೇ ಅನುಮಾನ ಹತ್ತಿತು.

ಅದು ಬಲಿತದ್ದು ಕನಕರತ್ನಳ ಮದುವೆಯಲ್ಲಿ. ಅವಳ ಸೋದರಮಾವ ಚೌಡರೆಡ್ಡಿ ನಮ್ಮ ಜಮಖಾನದ ಬಳಿ ಬಂದು ಬಗ್ಗಿದ.

"ಲೇ ಪಿಳ್ಳಪ್ಪ, ಇವತ್ತು ಪುರೋಹಿತರ ಕೈ ನೋಡ್ಬೇಡ, ನನ್ ಕೈ ನೋಡು. ಎತ್ತಿದ ತಕ್ಷಣ ಶುರು. ಇಳಿಸೋ ತನಕ ನಿಲ್ಲಿಸ್ಬೇಡ."

"ಯಾಕ್ ಸ್ವಾಮಿ, ಪುರೋಹಿತ್ರಿಗೆ ಕೈ ನೋವಾ?" ಎಂದು ಡೋಲಿನ ನಂಜುಂಡ ನಕ್ಕ. ಚೌಡರೆಡ್ಡಿ ನಗಲಿಲ್ಲ.

ಮದುಮಗಳ ಮೊಣಕೈಗಳನ್ನು ಇಬ್ಬರು ಹೆಂಗಸರು ಬಿಗಿಯಾಗಿ ಹಿಡಿದಿದ್ದರು. ಅವಳ ಕಣ್ಣುಗಳು ಕೆಂಪಗಿದ್ದವು. "ಹೋಮದ ಹೊಗೆ" ಎಂದರು ಅವರು. ಹೋಮಕ್ಕೆ ಇನ್ನೂ ಬೆಂಕಿಯೇ ಹಚ್ಚಿರಲಿಲ್ಲ.

ಕೈ ಮೇಲೆದ್ದಿತು. ಪಿಳ್ಳಪ್ಪ ಊದಿದ, ಡೋಲು ಸಿಡಿಯಿತು. ವರ ತಾಳಿ ಹಿಡಿದು ಬಾಗಿದ. ಆಗ ಕನಕರತ್ನಳ ತುಟಿಗಳು ಅಲುಗಿದವು. ಕುತ್ತಿಗೆಯ ನರ ಉಬ್ಬಿತು. ಅವಳು ಕೂಗುತ್ತಿದ್ದಳು. ಪಕ್ಕದಲ್ಲಿದ್ದ ವರನಿಗೂ ಕೇಳದೆ ಅವನು ಮುಗುಳ್ನಗುತ್ತಿದ್ದ. ಅವಳ ದನಿಯನ್ನು ನುಂಗುತ್ತಿದ್ದವನು ನಾನೇ.

ಪಿಳ್ಳಪ್ಪನೂ ಕಂಡ. ಅವನ ಉಸಿರು ನನ್ನೊಳಗೆ ನಡುಗಿತು. ಮರುಕ್ಷಣ ನನ್ನನ್ನು ತುಟಿಯಿಂದ ಕಿತ್ತುಕೊಂಡ. ಮುಗಿಯಿತೆಂದುಕೊಂಡು ನಂಜುಂಡನೂ ಕೈ ತಡೆದ.

"...ಬೇಡ ಅಂತಿದೀನಲ್ಲ! ಯಾರಿಗೂ ಕೇಳ್ಸಲ್ವಾ?"

ಛತ್ರಕ್ಕೆಲ್ಲ ಕೇಳಿಸಿತು. ಅಕ್ಷತೆ ಹಿಡಿದ ಕೈಗಳು ಹಾಗೇ ನಿಂತವು. ವರ ತಾಳಿಯನ್ನು ಮೆಲ್ಲನೆ ತಟ್ಟೆಗೆ ಹಾಕಿದ.

"ಊದೋ ಲೇ!" ಚೌಡರೆಡ್ಡಿ ಗರ್ಜಿಸಿದ.

"ಉಸಿರು ಸಾಲಲಿಲ್ಲ ಸ್ವಾಮಿ" ಎಂದ ಪಿಳ್ಳಪ್ಪ.

ಈಗ ನನ್ನ ಮೈ ಬಿರುಕು ಬಿಟ್ಟಿದೆ, ಬಿರುಕಿಗೆ ಮೇಣ ತುಂಬಿದ್ದಾರೆ. ಮದುವೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ, ನಂಬುವ ಹಾಗಿಲ್ಲವಂತೆ. ಗುಡಿಯವರು ಮಾತ್ರ ವರ್ಷಕ್ಕೊಮ್ಮೆ ಕಲ್ಯಾಣೋತ್ಸವಕ್ಕೆ ಕರೆಯುತ್ತಾರೆ. ವಿಗ್ರಹ ಮಾತಾಡುವುದಿಲ್ಲವೆಂಬ ಧೈರ್ಯವಿರಬೇಕು. ಆದರೆ ಅಲ್ಲಿಯೂ, ಅರ್ಚಕರು ತಾಳಿ ಎತ್ತಿ ಸನ್ನೆ ಮಾಡಿದಾಗ, ಪಿಳ್ಳಪ್ಪ ದೇವಿಯ ಮುಖವನ್ನೊಮ್ಮೆ ನೋಡಿಕೊಂಡೇ ನನ್ನನ್ನು ತುಟಿಗೆ ಇಡುತ್ತಾನೆ.