ಗಾಳಿ ಹೊರಗೆ ಹೋಗುವ ಜಾಗ

ಆ ವಾರ ಮೂರನೇ ನಂಬರಿನ ಫೋರ್ಕ್‌ಲಿಫ್ಟ್ ಕುದಿದು ನಿಂತದ್ದು ಅದು ನಾಲ್ಕನೇ ಸಲ. ಗೋದಾಮಿನ ರಿಪೇರಿ ಮೇಸ್ತ್ರಿ ಸಾಮಾನಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕೂತ. ರೇಡಿಯೇಟರ್ ಬಿಸಿಯಿರುವಾಗ ಅವಸರಪಟ್ಟು ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ತಣ್ಣಗಾಗುವವರೆಗೆ ಸುಮ್ಮನೆ ಕಾಯಬೇಕು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಇಪ್ಪತ್ತಾರು ವರ್ಷದಲ್ಲಿ ಹೀಗೆ ಕಾದು ಕೂತದ್ದನ್ನೆಲ್ಲ ಒಟ್ಟಿಗೆ ಕೊಟ್ಟಿದ್ದರೆ ಒಂದು ತಿಂಗಳು ಹಾಯಾಗಿ ಮಲಗಿಬಿಡಬಹುದಿತ್ತು ಎಂದುಕೊಂಡ. ಯಾರು ಕೊಡುತ್ತಾರೆ?

ಮಾಡದೆ ಬಿಟ್ಟದ್ದಾದರೂ ಏನು? ಫ್ಯಾನ್ ಬೆಲ್ಟ್ ಬಿಗಿ ಮಾಡಿದ್ದಾಯಿತು. ಥರ್ಮೋಸ್ಟಾಟ್ ಹೊಸದು ಹಾಕಿದ್ದಾಯಿತು. ಹಿಂದುಗಡೆಯಿಂದ ಗಾಳಿ ಹೊಡೆದು, ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದ ರಟ್ಟಿನ ಧೂಳು, ಪ್ಲಾಸ್ಟಿಕ್ ಹಾಳೆಯ ಚೂರು, ಯಾರದೋ ತಲೆಕೂದಲು ಎಲ್ಲ ತೆಗೆದದ್ದಾಯಿತು. ಹಳೇ ನೀರು ಚೆಲ್ಲಿ ಹೊಸ ಕೂಲಂಟ್ ತುಂಬಿದ್ದಾಯಿತು. ಆದರೂ ಈ ಹಾಳು ಯಂತ್ರಕ್ಕೆ ಕರುಣೆ ಬರಲಿಲ್ಲ. ಬೆಳಿಗ್ಗೆಯೆಲ್ಲ ಅಂಗಳದಲ್ಲಿ ಲಾರಿ ಇಳಿಸುವಾಗ ಸಾಧುಪ್ರಾಣಿ. ಮಧ್ಯಾಹ್ನ ಊಟವಾದ ಮೇಲೆ ಒಳಗೆ ಪ್ಯಾಕಿಂಗ್ ಕಡೆಗೆ ಹೋಯಿತೋ, ಗಂಟೆಯೊಳಗೆ ಕೆಂಪು ದೀಪ ಹಾಕಿಕೊಂಡು ಮುನಿಸಿಕೊಳ್ಳುತ್ತಿತ್ತು. ಮೇಸ್ತ್ರಿಯ ಶೆಡ್ಡು ಗೋದಾಮಿನ ಇನ್ನೊಂದು ತುದಿಯಲ್ಲಿ. ಕರೆ ಬಂದ ಮೇಲೆ ಅವನು ಕಾಲೆಳೆದುಕೊಂಡು ಬಂದು ನೋಡುವ ಹೊತ್ತಿಗೆ ಅದು ಉಸ್ಸೆಂದು ಹಬೆಯಾಡುತ್ತಾ ನಿಂತಿರುತ್ತಿತ್ತು.

ಮ್ಯಾನೇಜರು ಶನಿವಾರದ ಗಡುವು ಕೊಟ್ಟಿದ್ದರು. ಗೋದಾಮಿನ ಮಿಕ್ಕ ಫೋರ್ಕ್‌ಲಿಫ್ಟುಗಳೆಲ್ಲ ಬ್ಯಾಟರಿಯವು, ಅವುಗಳನ್ನು ನೋಡಿಕೊಳ್ಳಲು ಕಂಪನಿಯವರೇ ಬರುತ್ತಿದ್ದರು. ಡೀಸೆಲ್ಲಿನದು ಉಳಿದಿದ್ದು ಇದೊಂದೇ. ಶನಿವಾರ ಇಡೀ ದಿನ ನಿಲ್ಲದೆ ಓಡದಿದ್ದರೆ ಇದನ್ನು ಗುಜರಿಗೆ ಹಾಕುತ್ತೇವೆ ಎಂದಿದ್ದರು. ಇದು ಹೋದ ಮೇಲೆ ಮೇಸ್ತ್ರಿಗೆ ಇಲ್ಲಿ ಏನು ಕೆಲಸ ಎಂಬುದನ್ನು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಐವತ್ತನಾಲ್ಕರ ವಯಸ್ಸಿನಲ್ಲಿ, ಡೀಸೆಲ್ ವಾಸನೆ ಬಿಟ್ಟು ಬೇರೇನೂ ಗೊತ್ತಿಲ್ಲದವನನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ಅವನ ಹೆಂಡತಿಯೂ ಅದೇ ಗೋದಾಮಿನಲ್ಲಿ ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವಳು. ಸಂಜೆ ಇಬ್ಬರೂ ಒಟ್ಟಿಗೇ ನಡೆದು ಮನೆಗೆ ಬರುತ್ತಿದ್ದರು. ಒಟ್ಟಿಗೆ ಅನ್ನುವುದು ಹೆಸರಿಗೆ. ಅವಳು ಏನೋ ಹೇಳುತ್ತಿದ್ದಳು, ಇವನ ತಲೆಯೊಳಗೆ ವಾಟರ್ ಪಂಪು ತಿರುಗುತ್ತಿತ್ತು. ಗುರುವಾರ ತಟ್ಟೆಯ ಮುಂದೆ ಕೂತಾಗಲೂ ಅವಳು ಏನೋ ಹೇಳಿದಳು, ಇವನು ಹ್ಞೂಂ ಅಂದ. ಇನ್ನೇನೋ ಕೇಳಿದಳು, ಅದಕ್ಕೂ ಹ್ಞೂಂ ಅಂದ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಮೇಸ್ತ್ರಿ ಹಟಕ್ಕೆ ಬಿದ್ದ. ಇದು ಕೆಟ್ಟ ಮೇಲೆ ನೋಡಿದ್ದು ಸಾಕು, ಕೆಡುವಾಗಲೇ ನೋಡಿಬಿಡೋಣ ಎಂದು ಊಟ ಮುಗಿದ ಕೂಡಲೇ ಪ್ಯಾಕಿಂಗ್ ಕಡೆಗೆ ಹೋಗಿ ಪೆಟ್ಟಿಗೆಗಳ ರಾಶಿಯ ಪಕ್ಕ ನಿಂತ. ಡ್ರೈವರ್ ಉದ್ದಣ್ಣ, ಹೆಸರಿಗೆ ತಕ್ಕ ಆಳು, ಮಂಡಿ ಮಡಚಿಕೊಂಡು ಸೀಟಿನಲ್ಲಿ ಕೂತು ಫೋರ್ಕ್‌ಲಿಫ್ಟನ್ನು ಹಿಮ್ಮುಖವಾಗಿ ತಂದು ಮೇಜಿನ ಬಳಿ ನಿಲ್ಲಿಸಿದ. ಎಂಜಿನ್ನಿನ ಸೆಕೆಯನ್ನೆಲ್ಲ ಫ್ಯಾನು ಹಿಂದಿನ ಜಾಲರಿಯಿಂದ ಹೊರಗೆ ನೂಕುತ್ತಿತ್ತು. ಅದು ನೇರವಾಗಿ ಮೇಜಿನ ಮುಂದೆ ನಿಂತವರ ಮುಖಕ್ಕೇ ಹೊಡೆಯುತ್ತಿತ್ತು.

ಆಗ ಅವನ ಹೆಂಡತಿ ಮೇಜಿನ ಕೆಳಗಿಂದ ಒಂದು ದಪ್ಪ ರಟ್ಟು ತೆಗೆದಳು. ನಾಲ್ಕು ಮೂಲೆಗೂ ದಾರ ಪೋಣಿಸಿತ್ತು. ಹೋಗಿ ಅದನ್ನು ಜಾಲರಿಗೆ ಅಡ್ಡವಾಗಿ ಹಿಡಿದು, ಎರಡು ಕಡೆ ಗಂಟು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ದಿನಾ ಮಾಡಿ ರೂಢಿಯಾದ ಕೈ.

ಮೇಸ್ತ್ರಿ ರಾಶಿಯ ಪಕ್ಕದಿಂದ ಮುಂದೆ ಬಂದ. ಎಂಜಿನ್ ಆಫ್ ಮಾಡು ಅಂದ. ಎಂಜಿನ್ನಿನ ಸದ್ದಿನಲ್ಲಿ ಉದ್ದಣ್ಣನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಉದ್ದಣ್ಣ ಇಳಿದು ಬಂದು, ಮೇಸ್ತ್ರಿಯ ಮುಖ ನೋಡಿ ತಲೆ ಕೆರೆದುಕೊಂಡ. "ಗಾಳಿ ಒಳಗೆ ಹೋಗೋ ಜಾಗ ಮುಚ್ಚಬೇಡಿ ಅಂತ ನೀವೇ ಅಲ್ವಾ ಮೇಸ್ತ್ರಿ ಹೇಳಿರೋದು? ಅದನ್ನ ಮುಟ್ಟಿಲ್ಲ. ಇದು ಹೊರಗೆ ಹೋಗೋ ಜಾಗ. ಅಕ್ಕಂಗೆ ಸೆಕೆಗೆ ತಲೆ ಸುತ್ತುತಿತ್ತು, ಅದಕ್ಕೇ."

ಹೌದು. ಶೆಡ್ಡಿನ ಗೋಡೆಯ ಮೇಲೆ ಹಾಗಂತ ಬಣ್ಣದಲ್ಲಿ ಬರೆದವನು ಮೇಸ್ತ್ರಿಯೇ. ಹೊರಗೆ ಹೋಗುವ ಜಾಗದ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಬಿಸಿ ಹೊರಗೆ ಹೋಗದಿದ್ದರೆ ತಣ್ಣಗಿನದು ಒಳಗೆ ಬರುವುದಾದರೂ ಹೇಗೆ, ಅದು ಯಾರಿಗಾದರೂ ಗೊತ್ತಾಗುತ್ತದೆ ಎಂದುಕೊಂಡಿದ್ದ. ಪಾಪ, ಯಂತ್ರ ಕುದಿದಾಗಲೆಲ್ಲ ಮೇಸ್ತ್ರಿ ಬಂದು ನೋಡಲು ಅಡ್ಡಿಯಾಗದಿರಲಿ ಎಂದು ಉದ್ದಣ್ಣ ಆ ರಟ್ಟನ್ನು ತಾನೇ ಬಿಚ್ಚಿ ಮೇಜಿನ ಕೆಳಗೆ ಇಡುತ್ತಿದ್ದನಂತೆ.

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ನಂಗೊಂದು ಮಾತು ಹೇಳಬಾರದಾಗಿತ್ತಾ?"

ಅವಳು ಚೀಟಿ ಅಂಟಿಸುವುದನ್ನು ನಿಲ್ಲಿಸಲಿಲ್ಲ. "ಮೂರು ಸಲ ಹೇಳ್ದೆ. ಬಿಸಿ ತಡಿಯಕ್ಕಾಗಲ್ಲ ಅಂದೆ, ಹ್ಞೂಂ ಅಂದ್ರಿ. ರಟ್ಟು ಕಟ್ಕೊಳ್ಳಲಾ ಅಂದೆ, ಹ್ಞೂಂ ಅಂದ್ರಿ. ದಿನಾ ಕಟ್ತಿದೀನಿ, ಏನೂ ತೊಂದ್ರೆ ಇಲ್ಲ ತಾನೆ ಅಂತ ನಿನ್ನೆ ಕೇಳ್ದೆ. ಅದಕ್ಕೂ ಹ್ಞೂಂ."

ಮೇಸ್ತ್ರಿ ಹೋಗಿ ರಟ್ಟಿನ ಗಂಟು ಬಿಚ್ಚಿದ. ಬೆಲ್ಟಿನ ಕಿರುಗುಟ್ಟುವಿಕೆಯನ್ನು ನೂರು ಅಡಿ ದೂರದಿಂದ ಗುರುತಿಸುವ ಕಿವಿ ಅವನದು.

ಶನಿವಾರ ಕೆಲಸ ಶುರುವಾಗುವ ಮೊದಲೇ ಅವನೂ ಉದ್ದಣ್ಣನೂ ಸೇರಿ ಮೇಜನ್ನು ಎತ್ತಿ ಕಂಬದ ಆಚೆಗೆ ಇಟ್ಟರು. ಏಳೇ ಹೆಜ್ಜೆ. ಇಡೀ ದಿನ ಮೂರನೇ ನಂಬರು ಓಡಿತು, ಬಿಸಿ ತೋರಿಸುವ ಮುಳ್ಳು ಮಧ್ಯದಿಂದ ಮೇಲೇಳಲಿಲ್ಲ. ಸಂಜೆ ಮ್ಯಾನೇಜರು ತೃಪ್ತರಾಗಿ, ಸದ್ಯಕ್ಕೆ ಗುಜರಿ ಮಾತು ಬಿಡೋಣ, ಕಾರಣ ಏನೆಂದು ರಿಜಿಸ್ಟರಿನಲ್ಲಿ ಬರೆಯಿರಿ ಎಂದರು. ಮೇಸ್ತ್ರಿ ಪೆನ್ನು ಹಿಡಿದು ಕೂತ. ಹೋದ ತಿಂಗಳು ಗಾಳಿ ಬರಲೆಂದು ಬಾಗಿಲು ಮುಚ್ಚದಂತೆ ಕಲ್ಲು ಅಡ್ಡ ಇಟ್ಟ ಒಬ್ಬ ಹಮಾಲನನ್ನು ಇದೇ ಮ್ಯಾನೇಜರು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಹಿಂದಿನ ಜಾಲರಿಗೆ ರಟ್ಟು ಅಡ್ಡ ಇತ್ತು ಎಂದು ಬರೆದ, ಕಟ್ಟಿದ್ದು ಯಾರೆಂದು ಬರೆಯಲಿಲ್ಲ. ಅದರ ಕೆಳಗೆ, ಮೇಸ್ತ್ರಿಗೆ ಮೂರು ಸಲ ತಿಳಿಸಲಾಗಿತ್ತು, ಅವನು ಗಮನ ಕೊಡಲಿಲ್ಲ, ಎಂದು ಬರೆದ.

ಮ್ಯಾನೇಜರು ಓದಿ ಕನ್ನಡಕ ತೆಗೆದರು. "ಇದಕ್ಕೆ ನಿಮಗೆ ಎಚ್ಚರಿಕೆ ಪತ್ರ ಬರುತ್ತೆ ಮೇಸ್ತ್ರಿ. ಇನ್ನೊಂದು ಬಂದ್ರೆ ಕೆಲಸಾನೇ ಹೋಗುತ್ತೆ. ತಿಳಿಸಿದ್ದು ಯಾರು?"

"ತಿಳಿಸಬೇಕಾದವರು ತಿಳಿಸಿದ್ರು ಸಾರ್. ಪತ್ರ ಕೊಡಿ."

ಗೇಟಿನ ಬಳಿ ಹೆಂಡತಿ ಕಾಯುತ್ತಿದ್ದಳು. ಅವನು ಅವಳ ಚೀಲ ತೆಗೆದುಕೊಂಡ. ಮೈಯೆಲ್ಲ ನೋಯುತ್ತಿತ್ತು, ಮನೆ ಇನ್ನೂ ದೂರವಿತ್ತು. ಅರ್ಧ ದಾರಿಯಲ್ಲಿ ಅವನೇ ಕೇಳಿದ, ನಾನು ಹ್ಞೂಂ ಅಂದುಬಿಟ್ಟದ್ದು ಇನ್ನೇನಾದರೂ ಇದೆಯಾ ಎಂದು.

ಅವಳು ನಿಂತು ಅವನ ಮುಖ ನೋಡಿದಳು. ನಗಲಿಲ್ಲ.

"ಯಾವ ವರ್ಷದಿಂದ ಶುರು ಮಾಡ್ಲಿ?"

ಮೊದಲಿನಿಂದ ಹೇಳು ಅಂದ. ಅವಳು ಹೇಳತೊಡಗಿದಳು, ಅವನು ಹ್ಞೂಂ ಅನ್ನದೆ ಕೇಳಿಸಿಕೊಂಡ.